ಯಾರು ಕಲಿಸಿದರು ನಿನಗೆ?

ಹತ್ತನೇ ತರಗತಿ ಮುಗಿಸಿ ಹತ್ತಿಪ್ಪತ್ತು ವರ್ಷ ಕಳೆದವರು ಒಂದು ಭಾನುವಾರ ಶಾಲೆಯ ಅಂಗಳದಲ್ಲಿ ಸೇರಿ, ನಿವೃತ್ತರಾದ ಮೇಷ್ಟ್ರುಗಳನ್ನು, ಟೀಚರುಗಳನ್ನು ಹುಡುಕಿ ಕರೆತಂದು ಗುರುವಂದನೆ ಮಾಡುವುದು ಈಗ ಕರ್ನಾಟಕದ ಊರೂರಿನ ರೂಢಿ. ಶಾಮಿಯಾನ, ಫ್ಲೆಕ್ಸು, ಮೈಸೂರು ಪೇಟ, ಶಾಲು, ಫಲತಾಂಬೂಲ, ಕೊನೆಗೆ ಎಲ್ಲರೂ ಸೇರಿ ಒಂದು ಫೋಟೊ. ಆನೇಕಲ್ ತಾಲ್ಲೂಕಿನ ಸರ್ಜಾಪುರದಂಥ ಹೋಬಳಿಯಲ್ಲಿ ಈ ಭೇಟಿಗೆ ಇನ್ನೂ ಒಂದು ತೂಕವಿದೆ. ಇಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾಗಿವೆ, ಬೆಂಗಳೂರಿನ ಕಡೆಯ ರಸ್ತೆಯುದ್ದಕ್ಕೂ ಕಂಪನಿಗಳೂ ಅಪಾರ್ಟ್‌ಮೆಂಟುಗಳೂ ಎದ್ದಿವೆ. ಒಂದೇ ಬೆಂಚಿನಲ್ಲಿ ಕೂತವರಲ್ಲಿ ಒಬ್ಬ ಸಾಫ್ಟ್‌ವೇರ್ ಕಂಪನಿಯ ಒಳಗಿದ್ದರೆ ಇನ್ನೊಬ್ಬ ಅದೇ ಕಂಪನಿಯ ಗೇಟಿನಲ್ಲಿ ಕಾವಲಿಗಿರಬಹುದು, ಮತ್ತೊಬ್ಬ ಅದರ ಕ್ಯಾಬ್ ಓಡಿಸುತ್ತಿರಬಹುದು. ಇವರೆಲ್ಲರನ್ನೂ ಒಂದೇ ಹಾಜರಿ ಪುಸ್ತಕದಿಂದ ಹೆಸರು ಹಿಡಿದು ಕೂಗಿದವರು ಆ ಮೇಷ್ಟ್ರು. ಆದ್ದರಿಂದ ಈ ಭೇಟಿಯನ್ನು ಬರೀ ಸಮಾರಂಭವೆಂದು ಬಿಟ್ಟುಬಿಡುವುದು ಸರಿಯಲ್ಲ. ಅದರ ಒಳಗೊಂದು ಹಳೆಯ ಪ್ರಶ್ನೆ ಇದೆ: ಎಷ್ಟೋ ವರ್ಷಗಳ ಮೇಲೆ ಗುರುವೂ ಶಿಷ್ಯನೂ ಎದುರುಬದುರಾದಾಗ ಯಾರು ಯಾರಿಗೆ ಏನು ಕೊಡಬೇಕು?

ವೇದಿಕೆಯ ಮೇಲೆ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ. ಶಿಷ್ಯ ಋಣಿ, ಗುರು ಋಣ ಕೊಟ್ಟವರು, ಆ ಋಣ ಏಳು ಜನ್ಮಕ್ಕೂ ತೀರದು, ತೀರದಿದ್ದರೂ ಕಾಲು ಮುಟ್ಟಿ ನಮಸ್ಕರಿಸಿ ಒಂದಿಷ್ಟು ಹಗುರಾಗಬೇಕು. ಈ ಮಾತಿನ ಹಿಂದಿನ ಭಾವನೆ ನಿಜವಾದದ್ದು. ಆದರೆ ಋಣದ ಕಲ್ಪನೆಯನ್ನು ನಮಗೆ ಕೊಟ್ಟ ಗ್ರಂಥಗಳು ಹೇಳಿದ್ದು ಇದನ್ನಲ್ಲ. ಬ್ರಾಹ್ಮಣ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆ ಎನ್ನುತ್ತದೆ ತೈತ್ತಿರೀಯ ಸಂಹಿತೆ: ದೇವತೆಗಳದ್ದು ಯಜ್ಞದಿಂದ, ಪಿತೃಗಳದ್ದು ಸಂತಾನದಿಂದ, ಋಷಿಗಳದ್ದು ಬ್ರಹ್ಮಚರ್ಯದಿಂದ, ಎಂದರೆ ಅಧ್ಯಯನದಿಂದ ತೀರುತ್ತದೆ. ವಿದ್ಯೆಗೆ ಸಂಬಂಧಿಸಿದ ಋಣ ಸಲ್ಲಬೇಕಾದದ್ದು ಋಷಿಗಳಿಗೆ. ಕಲಿಸಿದ ಒಬ್ಬ ವ್ಯಕ್ತಿಗೆ ಎಂದು ಅಲ್ಲಿ ಹೇಳಿಲ್ಲ. ಅದು ತೀರುವ ಬಗೆಯೂ ಕಾಣಿಕೆಯಿಂದಲ್ಲ, ಓದಿನಿಂದ. ಪಿತೃಋಣವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹೆತ್ತವರ ಋಣ ತೀರುವುದು ಮುಂದಿನ ಮಕ್ಕಳನ್ನು ಹೆತ್ತು ಸಾಕುವುದರಿಂದ. ಹಾಗೆಯೇ ಹಿಂದಿನವರಿಂದ ಪಡೆದ ವಿದ್ಯೆ ಮುಂದಿನವರಿಗೆ ಹೋದಾಗ ಸಲ್ಲುತ್ತದೆ. ಹಾಗಿದ್ದರೆ ಮರುಭೇಟಿಯ ದಿನ ಮೇಷ್ಟ್ರು ಸಾಲಗಾರನ ಮುಂದೆ ಕೂತ ಸಾಹುಕಾರರಲ್ಲ. ಅವರು ಬೇರೇನೋ ಆಗಿರಬೇಕು. ಅದೇನೆಂಬುದಕ್ಕೆ ನಮ್ಮ ಪರಂಪರೆಯಲ್ಲಿ ಅತಿ ಹಳೆಯದೂ ಅತಿ ಸುಂದರವೂ ಆದ ಒಂದು ಸಾಕ್ಷ್ಯವಿದೆ.

ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯಕಾಮ ಜಾಬಾಲನ ಕಥೆ ಬರುತ್ತದೆ. ಹುಡುಗ ಗೌತಮ ಗೋತ್ರದ ಹಾರಿದ್ರುಮತನ ಬಳಿ ಬಂದು ಕಲಿಯಬೇಕೆನ್ನುತ್ತಾನೆ. ನಿನ್ನ ಗೋತ್ರ ಯಾವುದು ಎಂದು ಕೇಳಿದರೆ, ನನಗೆ ಗೊತ್ತಿಲ್ಲ, ಹಲವು ಕಡೆ ದುಡಿಯುತ್ತಿದ್ದ ಕಾಲದಲ್ಲಿ ನಿನ್ನನ್ನು ಪಡೆದೆ ಎಂದು ತಾಯಿ ಹೇಳಿದಳು, ಅವಳ ಹೆಸರು ಜಬಾಲೆ, ಅಷ್ಟೇ ನನಗೆ ಗೊತ್ತು ಎನ್ನುತ್ತಾನೆ. ಸತ್ಯವನ್ನು ಬಿಡದವನು ಎಂಬ ಕಾರಣಕ್ಕೆ ಗುರು ಅವನನ್ನು ಸೇರಿಸಿಕೊಳ್ಳುತ್ತಾನೆ. ಆಮೇಲೆ ಮಾಡಿದ್ದೇನು? ನಾನೂರು ಬಡಕಲು ಹಸುಗಳನ್ನು ಕೊಟ್ಟು ಕಾಯಲು ಕಳಿಸಿದ. ಇವು ಸಾವಿರವಾಗದೆ ಹಿಂದಿರುಗುವುದಿಲ್ಲ ಎಂದುಕೊಂಡು ಹುಡುಗ ಹೊರಟ. ವರ್ಷಗಳು ಕಳೆದವು. ಕಾಡಿನಲ್ಲಿ ಅವನಿಗೆ ಒಂದು ಹೋರಿ, ಬೆಂಕಿ, ಹಂಸ, ನೀರುಹಕ್ಕಿ ಇವು ಒಂದೊಂದಾಗಿ ಬ್ರಹ್ಮದ ನಾಲ್ಕು ಪಾದಗಳನ್ನು ತಿಳಿಸಿದವು. ಅವನು ಮರಳಿ ಬಂದಾಗ ಗುರು ಹಸುಗಳನ್ನು ಎಣಿಸಿದ ಎಂದು ಉಪನಿಷತ್ತು ಹೇಳುವುದಿಲ್ಲ. ಗುರು ಅವನ ಮುಖ ನೋಡಿದ. ಬ್ರಹ್ಮವನ್ನು ಅರಿತವನಂತೆ ಬೆಳಗುತ್ತಿದ್ದೀಯಲ್ಲ, ಯಾರು ಕಲಿಸಿದರು ನಿನಗೆ ಎಂದು ಕೇಳಿದ. ಮನುಷ್ಯರಲ್ಲದವರು ಕಲಿಸಿದರು, ಆದರೂ ನೀವೇ ಹೇಳಬೇಕು, ಆಚಾರ್ಯನಿಂದ ತಿಳಿದದ್ದೇ ನೆಲೆ ನಿಲ್ಲುತ್ತದೆಂದು ಕೇಳಿದ್ದೇನೆ ಎಂದು ಶಿಷ್ಯ ಬೇಡಿದ. ಗುರು ಅದನ್ನೇ ಹೇಳಿದ. ಅದರಲ್ಲಿ ಏನೂ ಬಿಟ್ಟುಹೋಗಲಿಲ್ಲ.

ಈ ಪುಟ್ಟ ಸಂಭಾಷಣೆಯಲ್ಲಿ ಮರುಭೇಟಿಯ ತತ್ತ್ವವೆಲ್ಲ ಅಡಗಿದೆ ಎಂಬುದು ನನ್ನ ವಾದ. ಯಾರು ಕಲಿಸಿದರು ಎಂದು ಕೇಳುವ ಗುರು ಆ ಒಂದು ಪ್ರಶ್ನೆಯಿಂದಲೇ ಮೂರು ಕೆಲಸ ಮಾಡುತ್ತಾನೆ. ಶಿಷ್ಯನ ಬೆಳಕನ್ನು ಮೊದಲು ತಾನೇ ಗುರುತಿಸುತ್ತಾನೆ. ಆ ಬೆಳಕು ತನ್ನಿಂದ ಬಂದದ್ದಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅದು ಎಲ್ಲಿಂದ ಬಂತೆಂದು ತಿಳಿಯುವ ಆಸೆ ತನಗಿದೆ ಎಂದು ತೋರಿಸುತ್ತಾನೆ. ಶಿಷ್ಯನ ಬದುಕನ್ನು ತನ್ನ ಪಾಠದ ಫಲಿತಾಂಶವೆಂದು ಎಣಿಸುವವನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಮುಂದೆ ಇದೇ ಸತ್ಯಕಾಮ ಗುರುವಾಗುತ್ತಾನೆ. ಹನ್ನೆರಡು ವರ್ಷ ತನ್ನ ಅಗ್ನಿಗಳನ್ನು ನೋಡಿಕೊಂಡ ಉಪಕೋಸಲನಿಗೆ, ಹೆಂಡತಿ ಹೇಳಿದರೂ ಕೇಳದೆ, ಏನನ್ನೂ ಕಲಿಸದೆ ಊರು ಬಿಟ್ಟು ಹೋಗುತ್ತಾನೆ. ಊಟ ಬಿಟ್ಟು ಕೂತ ಹುಡುಗನಿಗೆ ಆ ಅಗ್ನಿಗಳೇ ಕಲಿಸುತ್ತವೆ. ಸತ್ಯಕಾಮ ಮರಳಿ ಬಂದವನು ಶಿಷ್ಯನ ಮುಖ ನೋಡಿ ಕೇಳುವುದೂ ಅದೇ ಪ್ರಶ್ನೆ. ತನ್ನ ಗುರುವಿನಿಂದ ಅವನು ಪಡೆದ ಪಾಠಗಳಲ್ಲಿ ಇದೂ ಒಂದು, ಪ್ರಾಯಶಃ ಎಲ್ಲಕ್ಕಿಂತ ದೊಡ್ಡದು. ಹೀಗೆ ಪ್ರಶ್ನೆಯೇ ತಲೆಮಾರಿನಿಂದ ತಲೆಮಾರಿಗೆ ಸಂದಿತು. ಮರುಭೇಟಿ ಶಿಷ್ಯನ ಕೃತಜ್ಞತೆಯ ಪರೀಕ್ಷೆ ಎಂದು ನಾವು ಭಾವಿಸಿದ್ದೇವೆ. ಉಪನಿಷತ್ತಿನಲ್ಲಿ ಪರೀಕ್ಷೆಗೆ ಕೂತವನು ಗುರು.

ಇದೇ ಮಾತನ್ನು ಮಹಾಭಾರತ ಎದುರು ದಿಕ್ಕಿನಿಂದ ಹೇಳುತ್ತದೆ. ಏಕಲವ್ಯನೂ ಕಾಡಿನಲ್ಲಿ ಕಲಿತವನು, ಅವನಿಗೂ ಗುರು ಏನನ್ನೂ ಕಲಿಸಿರಲಿಲ್ಲ, ಅವನ ವಿದ್ಯೆಯೂ ಗುರುವಿನ ಕಣ್ಣೆದುರಿಗೆ ಬೆಳಗಿತು. ಅವನು ದ್ರೋಣನ ಮಣ್ಣಿನ ಮೂರ್ತಿಯ ಮುಂದೆ ಅಭ್ಯಾಸ ಮಾಡಿ, ತಾನು ದ್ರೋಣನ ಶಿಷ್ಯನೆಂದೇ ಹೇಳಿಕೊಂಡ. ಇಲ್ಲಿಯವರೆಗೆ ಸತ್ಯಕಾಮನ ಕಥೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಅಂತರ ಬರುವುದು ಗುರು ಬಾಯಿ ತೆರೆದಾಗ. ಹಾರಿದ್ರುಮತ ಯಾರು ಕಲಿಸಿದರು ಎಂದು ಕೇಳಿದ. ದ್ರೋಣ ದಕ್ಷಿಣೆ ಕೇಳಿದ, ಬಲಗೈಯ ಹೆಬ್ಬೆರಳನ್ನು ಪಡೆದ. ವಿದ್ಯೆಯನ್ನು ಸಾಲವೆಂದು ತಿಳಿದ ಗುರು ಕೊಡದ ಸಾಲವನ್ನೂ ವಸೂಲು ಮಾಡಿದ. ತಾನು ಕಲಿಸಿದ ಪಾಂಡವರಿಂದ ದ್ರುಪದನನ್ನು ಸೆರೆ ಹಿಡಿಸಿ ತರಿಸಿಕೊಂಡದ್ದೂ ದಕ್ಷಿಣೆಯೇ, ತನ್ನ ಹಳೆಯ ಸೇಡಿಗೆ ಶಿಷ್ಯರ ಬಿಲ್ಲನ್ನು ಬಳಸಿಕೊಂಡದ್ದೇ. ಅದರ ಬೆಲೆ ಕುರುಕ್ಷೇತ್ರದಲ್ಲಿ ತೆರಬೇಕಾಯಿತು. ದ್ರುಪದನ ಮಗ ಧೃಷ್ಟದ್ಯುಮ್ನನಿಗೂ ಬಿಲ್ವಿದ್ಯೆ ಕಲಿಸಿದ್ದು ದ್ರೋಣನೇ. ಆ ಶಿಷ್ಯನ ಕೈಯಲ್ಲೇ ಅವನ ಕೊನೆ ಬಂತು. ಗುರುವೂ ಶಿಷ್ಯರೂ ಮತ್ತೆ ಮುಖಾಮುಖಿಯಾಗಲು ಆ ಕಥೆಯಲ್ಲಿ ಉಳಿದ ಜಾಗ ರಣರಂಗವೊಂದೇ. ವಿದ್ಯೆ ಲೇವಾದೇವಿಯಾದರೆ ಭೇಟಿ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಎಚ್ಚರಿಕೆ ಬೇಕಿಲ್ಲ.

ಕನ್ನಡ ನೆಲದಲ್ಲೇ ಈ ಪರೀಕ್ಷೆಗೆ ಒಳಗಾದ ಗುರುವೆಂದರೆ ಉಡುಪಿಯ ಅಚ್ಯುತಪ್ರೇಕ್ಷರು. ಹದಿಮೂರನೆಯ ಶತಮಾನದಲ್ಲಿ ಪಾಜಕ ಕ್ಷೇತ್ರದ ಬಾಲಕ ವಾಸುದೇವನಿಗೆ ಸಂನ್ಯಾಸ ಕೊಟ್ಟು ಪೂರ್ಣಪ್ರಜ್ಞ ಎಂದು ಹೆಸರಿಟ್ಟವರು ಅವರು. ಗುರು ಓದಿಸಿದ್ದು ಅದ್ವೈತದ ಗ್ರಂಥ, ವಿಮುಕ್ತಾತ್ಮರ 'ಇಷ್ಟಸಿದ್ಧಿ'. ಶಿಷ್ಯ ಅದರ ಮೊದಲ ಶ್ಲೋಕದಲ್ಲೇ ಮೂವತ್ತೆರಡು ದೋಷ ತೋರಿಸಿದನೆಂದು ನಾರಾಯಣ ಪಂಡಿತಾಚಾರ್ಯರ 'ಸುಮಧ್ವವಿಜಯ' ಹೇಳುತ್ತದೆ. ಆಮೇಲೆ ಶಿಷ್ಯ ದಕ್ಷಿಣದ ತೀರ್ಥಕ್ಷೇತ್ರಗಳನ್ನು ಸುತ್ತಿದ, ಬದರಿಗೆ ಹೋದ, ಬ್ರಹ್ಮಸೂತ್ರಕ್ಕೆ ತನ್ನದೇ ಭಾಷ್ಯ ಬರೆದು ಮಧ್ವಾಚಾರ್ಯನಾಗಿ ಉಡುಪಿಗೆ ಮರಳಿದ. ಗುರು ಬದುಕಿಡೀ ನಂಬಿದ ಸಿದ್ಧಾಂತವನ್ನೇ ಆ ಭಾಷ್ಯ ಅಲ್ಲಗಳೆಯುತ್ತಿತ್ತು. ಅಚ್ಯುತಪ್ರೇಕ್ಷರು ಸುಲಭಕ್ಕೆ ಒಪ್ಪಲಿಲ್ಲ, ವಾದ ನಡೆಯಿತು, ಕೊನೆಗೆ ಒಪ್ಪಿದರು. ಸಂಪ್ರದಾಯ ಇನ್ನೂ ಒಂದು ಮಾತು ಸೇರಿಸುತ್ತದೆ. ದಿನವೂ ಪಾರಾಯಣ ಮಾಡಲು ಅನುವಾಗುವಂತೆ ಭಾಷ್ಯದ ಸಾರವನ್ನು ಚಿಕ್ಕದಾಗಿ ಬರೆದುಕೊಡು ಎಂದು ಗುರುವೇ ಕೇಳಿದರಂತೆ, ಮಧ್ವರು 'ಅಣುಭಾಷ್ಯ' ಬರೆದದ್ದು ಅದಕ್ಕಾಗಿ. ಸಂನ್ಯಾಸ ಕೊಟ್ಟ ಕೈ ಶಿಷ್ಯನ ಮುಂದೆ ಪಠ್ಯಕ್ಕಾಗಿ ಚಾಚಿತು. ಮಗನಿಂದಲೂ ಶಿಷ್ಯನಿಂದಲೂ ಸೋಲನ್ನು ಬಯಸಬೇಕು ಎಂಬ ಹಿರಿಯರ ಮಾತನ್ನು ನಾವು ಉಪಚಾರಕ್ಕೆ ಬಳಸುತ್ತೇವೆ. ಅಚ್ಯುತಪ್ರೇಕ್ಷರು ಅದನ್ನು ಬದುಕಿ ತೋರಿಸಿದರು. ಹಾಗೆ ಸೋತದ್ದರಿಂದ ಅವರ ಗುರುಸ್ಥಾನ ಕಳೆಯಲಿಲ್ಲ. ಮಧ್ವ ಪರಂಪರೆ ಇಂದಿಗೂ ಅವರನ್ನು ಆಚಾರ್ಯರ ಗುರುವೆಂದೇ ಸ್ಮರಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಈ ಕಥೆಗಳನ್ನು ಬರೆದವರು ಗೆದ್ದ ಶಿಷ್ಯನ ಕಡೆಯವರು. ನಾರಾಯಣ ಪಂಡಿತಾಚಾರ್ಯರು ಮಧ್ವರ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರ ಮಗ. ಕಾಂಚಿಯ ಯಾದವಪ್ರಕಾಶರು ಮೊದಲು ರಾಮಾನುಜರಿಗೆ ಪಾಠ ಹೇಳಿ, ಉಪನಿಷತ್ತಿನ ಅರ್ಥದಲ್ಲಿ ಮುನಿಸಿಕೊಂಡು, ಕೊನೆಗಾಲದಲ್ಲಿ ಅದೇ ಶಿಷ್ಯನಿಂದ ದೀಕ್ಷೆ ಪಡೆದರೆಂದು ಹೇಳುವುದೂ ಶ್ರೀವೈಷ್ಣವರ ಗುರುಪರಂಪರೆಯ ಗ್ರಂಥಗಳೇ. ಸೋತ ಗುರುಗಳು ತಮ್ಮ ಮಾತಿನಲ್ಲಿ ಬರೆದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಇದನ್ನು ಒಪ್ಪಲೇಬೇಕು. ಆದರೆ ನನ್ನ ವಾದ ನಿಂತಿರುವುದು ಘಟನೆ ಅಕ್ಷರಶಃ ಹಾಗೆಯೇ ನಡೆಯಿತೆಂಬುದರ ಮೇಲಲ್ಲ, ಒಂದು ಸಮಾಜ ಯಾವುದನ್ನು ಆದರ್ಶವೆಂದು ಉಳಿಸಿಕೊಂಡಿತು ಎಂಬುದರ ಮೇಲೆ. ಶಿಷ್ಯನ ಪಕ್ಷದವರಿಗೆ ಹಳೆಯ ಗುರುವನ್ನು ಖಳನೆಂದು ಚಿತ್ರಿಸಿ ಅಲ್ಲಿಗೇ ಬಿಡುವುದು ಸುಲಭವಿತ್ತು. ಹಾಗೆ ಬಿಡದೆ, ಗುರುವನ್ನು ಮತ್ತೆ ಕರೆತಂದು ಎದುರು ನಿಲ್ಲಿಸಿ, ಅವನ ಒಪ್ಪಿಗೆ ಇಲ್ಲದಿದ್ದರೆ ಶಿಷ್ಯನ ಗೆಲುವು ಪೂರ್ತಿಯಾಗದೆಂದು ಅವರು ಕಂಡುಕೊಂಡರು. ಬೇರೆ ಪಂಡಿತರನ್ನು ಜಯಿಸುವುದಕ್ಕೂ ತನ್ನ ಗುರುವಿನಿಂದ ಹೌದೆನಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ ಎಂದು ಎರಡು ಬೇರೆ ಬೇರೆ ಸಂಪ್ರದಾಯಗಳು ಭಾವಿಸಿದ್ದೇ ಸಾಕಷ್ಟು ದೊಡ್ಡ ಸಾಕ್ಷ್ಯ.

ಎರಡನೆಯ ಆಕ್ಷೇಪ ನಮ್ಮ ಕಾಲದ್ದು. ಬ್ರಹ್ಮವಿದ್ಯೆಯ ಗುರುವನ್ನೂ ಸಂಬಳಕ್ಕೆ ಕೆಲಸ ಮಾಡುವ ಶಾಲಾ ಮೇಷ್ಟ್ರನ್ನೂ ಹೋಲಿಸುವುದು ಹೇಗೆ? ಒಬ್ಬ ಮೇಷ್ಟ್ರು ಸರ್ಜಾಪುರದಲ್ಲಿ ಕೆಲವು ವರ್ಷ ಇದ್ದು ವರ್ಗವಾಗಿ ಹೋಗುತ್ತಾರೆ. ಅವರು ಕಲಿಸಿದ್ದು ಮಗ್ಗಿ, ಸಂಧಿ, ಸಮಾಸ, ಭೂಪಟ. ಆದರೆ ಸತ್ಯಕಾಮನ ಗುರು ಮೊದಲ ದಿನ ಮಾಡಿದ್ದನ್ನು ನೆನೆಯಬೇಕು. ತಂದೆಯ ಹೆಸರು, ಗೋತ್ರ ಯಾವುದೂ ಇಲ್ಲದ, ದುಡಿಯುವ ಒಂಟಿ ಹೆಂಗಸಿನ ಮಗನನ್ನು ಅವನು ಸೇರಿಸಿಕೊಂಡ. ಸರ್ಜಾಪುರದ ಕಟ್ಟಡಗಳನ್ನು ಕಟ್ಟಲು ಕಲ್ಯಾಣ ಕರ್ನಾಟಕದಿಂದಲೂ ದೂರದ ರಾಜ್ಯಗಳಿಂದಲೂ ಬಂದು ಶೆಡ್ಡುಗಳಲ್ಲಿ ಇರುವವರ ಮಗು ಸರ್ಕಾರಿ ಶಾಲೆಯ ಬಾಗಿಲಿಗೆ ಬಂದಾಗ ಮುಖ್ಯೋಪಾಧ್ಯಾಯರ ಮುಂದಿರುವುದೂ ಅದೇ ಸಂದರ್ಭ. 2009ರ ಶಿಕ್ಷಣ ಹಕ್ಕು ಕಾಯ್ದೆ, ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು ವಿಧಿಸಿದೆ. ಉಪನಿಷತ್ತಿನ ಗುರು ಸ್ವಂತ ವಿವೇಕದಿಂದ ಮಾಡಿದ್ದು ಇಂದು ದೇಶದ ಕಾನೂನಾಗಿದೆ. ಅದನ್ನು ನಡೆಸುವ ಕೈ ಮಾತ್ರ ಇಂದಿಗೂ ಮೇಷ್ಟ್ರದ್ದೇ. ಸಂಬಳ ಪಡೆದ ಮಾತ್ರಕ್ಕೆ ಆ ಕೆಲಸ ಸಣ್ಣದಾಗದು. ಇದೇ ಹೋಬಳಿಯ ಬುರುಗುಂಟೆಯಲ್ಲಿ, ಶಿಕ್ಷಣವನ್ನೇ ಒಂದು ಶಾಸ್ತ್ರವಾಗಿ ಓದಿಸುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಶಿಕ್ಷಣದ ಗುರಿ ಏನೆಂದು ಅಲ್ಲಿ ತರಗತಿಗಳಲ್ಲಿ ಚರ್ಚೆಯಾಗುತ್ತದೆ. ಅದೇ ಪ್ರಶ್ನೆಗೆ ಬದುಕಿನ ಉತ್ತರ ಹೊತ್ತು ಹಳೆಯ ವಿದ್ಯಾರ್ಥಿಗಳು ಊರ ಶಾಲೆಯ ಅಂಗಳಕ್ಕೆ ಬಂದು ನಿಂತಿರುತ್ತಾರೆ. ಅವರನ್ನು ಕೇಳುವವರು ಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಎಲ್ಲರಿಗೂ ಮರಳಿ ಬರುವ ಮನಸ್ಸಿರುವುದಿಲ್ಲ. ಬೆತ್ತದ ಏಟು, ಜಾತಿ ಹಿಡಿದು ಆಡಿದ ಮಾತು, ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳಿದ್ದು ಇವನ್ನು ಹೊತ್ತವರು ಗುರುವಂದನೆಯ ಗುಂಪಿನಲ್ಲಿ ಕಾಣುವುದು ಕಡಿಮೆ. ಫೇಲಾಗಿ ಮಧ್ಯದಲ್ಲೇ ಬಿಟ್ಟವರನ್ನು ಎಷ್ಟೋ ಸಲ ಆ ಬ್ಯಾಚಿನ ಪಟ್ಟಿಗೇ ಸೇರಿಸಿರುವುದಿಲ್ಲ. ವೇದಿಕೆಯಲ್ಲಿ, ನಿಮ್ಮ ಏಟಿನಿಂದಲೇ ನಾವು ಉದ್ಧಾರವಾದೆವು ಸಾರ್ ಎಂಬ ಮಾತು ಬಂದಾಗ ಚಪ್ಪಾಳೆ ಬೀಳುತ್ತದೆ. ಆ ಏಟಿನಿಂದಲೇ ಶಾಲೆ ಬಿಟ್ಟವನು ಅಲ್ಲಿರುವುದಿಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಮೇಲೆ ಹೇಳಿದ ಕಾಯ್ದೆಯೇ ನಿಷೇಧಿಸಿದೆ. ಅದಕ್ಕಿಂತ ಹಿಂದಿನ ನೋವುಗಳಿಗೆ ಯಾರೂ ಲೆಕ್ಕ ಕೇಳಿಲ್ಲ. ಇಂಥವರಿಗೆ ಗುರುಋಣದ ಮಾತು ಹೇಳುವುದು ಅನ್ಯಾಯ. ಋಣ ಸಲ್ಲಬೇಕಾದದ್ದು ಕಲಿಸಿದ ವ್ಯಕ್ತಿಗಲ್ಲ, ಅದು ತೀರುವುದು ವಿದ್ಯೆ ಮುಂದಿನವರಿಗೆ ಹೋದಾಗ ಎಂದು ಮೊದಲೇ ಹೇಳಿದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ನೋಯಿಸಿದ ಮೇಷ್ಟ್ರ ಮುಂದೆ ಬಂದು ಬಾಗದವನು ಕೃತಘ್ನನಲ್ಲ. ತನ್ನ ಮಕ್ಕಳನ್ನು ಹೊಡೆಯದೆ ಓದಿಸುತ್ತಿದ್ದರೆ ಅವನು ಸಲ್ಲಿಸಬೇಕಾದದ್ದನ್ನು ಸಲ್ಲಿಸಿದ್ದಾನೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯ, ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನು ಬೇಡ ಎಂದು ತಾನೇ ಹೇಳುತ್ತಾನೆ. ಗುರುವಿನಲ್ಲೂ ಬಿಡಬೇಕಾದದ್ದು ಇರುತ್ತದೆಂದು ಗುರುವಿನ ಬಾಯಿಂದಲೇ ಬಂದ ಮಾತಿದು. ಹೀಗಿರುವಾಗ ಬಾರದವನನ್ನು ಹುಡುಕಿಕೊಂಡು ಹೋಗುವುದು, ಬೇಕಾದರೆ ಕ್ಷಮೆ ಕೇಳುವುದು, ಗುರುವಿಗೆ ಕುಂದಲ್ಲ.

ಗುರು ಹೀಗೆ ಕೇಳುವವನಾಗಿ, ಕಲಿಯುವವನಾಗಿ ಕೂತರೆ ಗೌರವದ ಕ್ರಮವೇ ಕೆಡುವುದಿಲ್ಲವೇ ಎಂದು ಹಿರಿಯರು ಅಂಜಬಹುದು. ಸತ್ಯಕಾಮನ ಉತ್ತರದಲ್ಲೇ ಇದಕ್ಕೆ ಸಮಾಧಾನವಿದೆ. ಎಲ್ಲವನ್ನೂ ತಿಳಿದು ಬಂದವನು ಮತ್ತೆ ನೀವೇ ಹೇಳಿ ಎಂದು ಬೇಡಿದ. ಅವನಿಗೆ ಬೇಕಾಗಿದ್ದು ಹೊಸ ತಿಳಿವಳಿಕೆಯಲ್ಲ. ತಾನು ಒಂಟಿಯಾಗಿ ಕಂಡದ್ದು ನಿಜವೆಂದು ಮೊದಲು ತನ್ನನ್ನು ಸೇರಿಸಿಕೊಂಡವರ ಬಾಯಿಂದ ಕೇಳುವುದು. ಈ ಹಂಬಲ ಎಷ್ಟು ಆಳವಾದದ್ದೆಂದರೆ ಸಾವೂ ಅದನ್ನು ಅಳಿಸದು. ಜ್ಞಾನೋದಯವಾದ ಬುದ್ಧ ಮೊದಲು ನೆನೆದದ್ದು, ತನ್ನನ್ನು ಸರಿಸಮನೆಂದು ಪಕ್ಕದಲ್ಲಿ ಕೂರಿಸಿಕೊಳ್ಳಲು ಒಪ್ಪಿದ್ದ ಹಳೆಯ ಗುರು ಆಳಾರ ಕಾಲಾಮನನ್ನು. ಅವನು ಏಳು ದಿನಗಳ ಹಿಂದೆ ತೀರಿಕೊಂಡಿದ್ದ, ಇನ್ನೊಬ್ಬ ಗುರು ಉದ್ದಕ ರಾಮಪುತ್ತ ಹಿಂದಿನ ರಾತ್ರಿ ಎನ್ನುತ್ತದೆ ಪಾಲಿ ಸುತ್ತ. ಆಮೇಲೆ ಬುದ್ಧ ಐವರು ಹಳೆಯ ಸಂಗಡಿಗರನ್ನು ಹುಡುಕಿಕೊಂಡು ಕಾಶಿಯ ಹಾದಿ ಹಿಡಿದ. ಗುರುವಿಗೆ ಹೇಳಬೇಕೆಂದಿದ್ದ ಮಾತು ಲೋಕಕ್ಕೆ ಸಂದಿತು. ನಮ್ಮ ಕಾಲದಲ್ಲಿ ಕುವೆಂಪು 1949ರಲ್ಲಿ ಬೆಳಕು ಕಂಡ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಒಪ್ಪಿಸಬೇಕಾದವರು ಇಲ್ಲದಾಗಲೂ ಶಿಷ್ಯನ ಮನಸ್ಸು ಅವರ ಕಡೆಗೇ ತಿರುಗುತ್ತದೆ, ಆದರೆ ಫಲ ಸಿಗುವುದು ಓದುಗರೆಲ್ಲರಿಗೆ. ಗೌರವ ಉಳಿಯಲು ಗುರು ಎತ್ತರದ ಕುರ್ಚಿಯಲ್ಲಿ ಕೂರಬೇಕಾಗಿಲ್ಲ ಎಂಬುದಕ್ಕೆ ಇವೆಲ್ಲ ಪುರಾವೆ.

ಆದ್ದರಿಂದ ಗುರುವಂದನೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಅದರ ನಡುವನ್ನು ಬದಲಿಸಬೇಕೆಂದು ಹೇಳುತ್ತೇನೆ. ಶಾಲು ಹೊದಿಸುವುದು ಬೇಗ ಮುಗಿಯಲಿ. ಮೇಷ್ಟ್ರು ಆಶೀರ್ವಚನಕ್ಕೆ ಬದಲಾಗಿ ಒಬ್ಬೊಬ್ಬರನ್ನೂ ಕೇಳಲಿ: ಈ ಗಾಡಿ ರಿಪೇರಿ ಯಾರಿಂದ ಕಲಿತೆ, ಗಾರ್ಮೆಂಟ್ಸ್‌ನಲ್ಲಿ ನೂರು ಹೆಂಗಸರ ಮುಂದೆ ನಿಂತು ಮಾತಾಡುವ ಧೈರ್ಯ ಯಾರು ಕೊಟ್ಟರು, ಜಮೀನು ಹೋದ ಮೇಲೆ ಮನೆ ನಡೆಸುವುದನ್ನು ಎಲ್ಲಿ ಕಲಿತೆ, ಶಾಲೆಯಲ್ಲಿ ನಾವು ಹೇಳಿದ್ದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಸುಳ್ಳಾಯಿತು. ಫೇಲಾದವರಿಗೂ ಕರೆ ಹೋಗಲಿ, ಅವರ ಉತ್ತರ ಮೊದಲು ಕೇಳಲಿ. ಕೇಳಿದ್ದನ್ನು ಈಗ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿರುವ ಎಳೆಯ ಮೇಷ್ಟ್ರುಗಳೂ ಕೂತು ಕೇಳಿಸಿಕೊಳ್ಳಲಿ, ಏಕೆಂದರೆ ಅದು ಸಲ್ಲಬೇಕಾದದ್ದು ಇಂದಿನ ತರಗತಿಯ ಮಕ್ಕಳಿಗೆ. ವಿದ್ಯೆ ಯಾರೊಬ್ಬರ ಸ್ವತ್ತೂ ಅಲ್ಲ ಎಂದು ನಾವು ನಿಜವಾಗಿ ನಂಬುವುದಾದರೆ, ಕಲಿಸಿದವರು ತಾವು ಕಲಿಸದೇ ಹೋದದ್ದನ್ನು ಶಿಷ್ಯರಿಂದ ಕೇಳಿ ತಿಳಿಯಬೇಕು. ಹಾಗೆ ಕೇಳಿ ತಿಳಿದ ದಿನ ಅವರ ಗುರುತನ ಪೂರ್ತಿಯಾಗುತ್ತದೆ.